ಗಂಧದ ಕೊರಡೂ ಪ್ರಯೋಗಶಾಲೆಯೂ

ಯಶವಂತಪುರದಿಂದ ಮೆಜೆಸ್ಟಿಕ್ ಕಡೆಗೆ ಹೊರಟ ಮೆಟ್ರೋ ರೈಲು ಮೊದಲು ನಿಲ್ಲುವ ನಿಲ್ದಾಣದ ಹೆಸರು 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ'. ಊರಿನ ನಿಲ್ದಾಣಗಳಿಗೆ ಮಹಾಪುರುಷರ, ದೇವಸ್ಥಾನಗಳ, ಬಡಾವಣೆಗಳ ಹೆಸರುಗಳಿರುವುದು ವಾಡಿಕೆ. ಇಲ್ಲಿ ಮಾತ್ರ ಒಂದು ಸಾಬೂನಿನ ಕಾರ್ಖಾನೆ ಆ ಗೌರವವನ್ನು ಪಡೆದಿದೆ. ಅಲ್ಲಿಂದ ಪೂರ್ವಕ್ಕೆ, ನಮ್ಮ ಕಾಲದವರು ಕಾಲ್ನಡಿಗೆಯಲ್ಲೇ ಹೋಗಿಬರುತ್ತಿದ್ದ ದೂರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಬಸ್ ನಿರ್ವಾಹಕರ ಬಾಯಲ್ಲಿ ಅದು ಬಹುಕಾಲ 'ಟಾಟಾ ಇನ್‌ಸ್ಟಿಟ್ಯೂಟ್' ಆಗಿಯೇ ಉಳಿದಿತ್ತು. ಒಂದರಲ್ಲಿ ಸಾಬೂನು, ಇನ್ನೊಂದರಲ್ಲಿ ಸಂಶೋಧನೆ. ಈ ಎರಡಕ್ಕೂ ನಂಟಿದೆಯೆಂದು ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿದಿರಲಾರದು. ಆ ನಂಟಿನ ಕಥೆಯನ್ನು ಇಂದು ಬರೆಯಬೇಕೆನಿಸಿದೆ.

ಬರೆಯಲು ಕಾರಣವೂ ಇದೆ. ನನ್ನ ತಂಗಿಯ ಮಗಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ. ಅವಳ ಮಾರ್ಗದರ್ಶಕರೊಡನೆ ಸೇರಿ ಕೆಲಸ ಮಾಡಲು ಒಂದು ಔಷಧ ಕಂಪನಿ ಮುಂದೆ ಬಂದಿದೆಯಂತೆ. ಮನೆಯಲ್ಲಿ ಚರ್ಚೆಯೋ ಚರ್ಚೆ. ಭಾವಮೈದುನನ ಪ್ರಕಾರ ಬಂದ ಭಾಗ್ಯವನ್ನು ಕಾಲಿನಿಂದ ಒದೆಯಬಾರದು. ಹುಡುಗಿಗೆ ಮಾತ್ರ ಅಳುಕು. "ಮಾವ, ಹಣ ಕೊಟ್ಟವರು ನನ್ನ ಪ್ರಶ್ನೆಯನ್ನೂ ಕೊಂಡುಕೊಂಡ ಹಾಗಾಗುವುದಿಲ್ಲವೇ? ನೀವೇ ಹೇಳಿ" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದಕ್ಕಿಂತ, ನಮ್ಮ ಮನೆಯಂಗಳದ ಇತಿಹಾಸ ಏನು ಹೇಳುತ್ತದೆಂದು ನೋಡುವುದು ಲೇಸು.

ಮೊದಲು ಸಂಸ್ಥೆಯ ಹುಟ್ಟನ್ನೇ ನೋಡೋಣ. ಅದನ್ನು ಕನಸಿದವರು ಪ್ರಾಧ್ಯಾಪಕರಲ್ಲ. ನಾಗಪುರದಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ಜೆಮ್‌ಷೆಟ್‌ಜಿ ಟಾಟಾ ಎಂಬ ಉದ್ಯಮಿ. 1898ರ ಹೊತ್ತಿಗೆ ಅವರು ತಮ್ಮ ಆಸ್ತಿಯ ದೊಡ್ಡ ಪಾಲನ್ನು ಇದಕ್ಕಾಗಿ ತೆಗೆದಿರಿಸಿದರು. 1904ರಲ್ಲಿ ತೀರಿಕೊಂಡ ಅವರಿಗೆ ಸಂಸ್ಥೆಯನ್ನು ಕಣ್ಣಾರೆ ಕಾಣುವ ಯೋಗವಿರಲಿಲ್ಲ. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಸಂಸ್ಥೆ ಕಾನೂನಿನ ಪ್ರಕಾರ ಅಸ್ತಿತ್ವಕ್ಕೆ ಬಂದು, 1911ರಲ್ಲಿ ಪಾಠಗಳು ಆರಂಭವಾದವು. ರಸಾಯನಶಾಸ್ತ್ರ ಹಾಗೂ ವಿದ್ಯುತ್ ತಂತ್ರಜ್ಞಾನ ಮೊದಲ ವಿಭಾಗಗಳಲ್ಲಿ ಮುಖ್ಯವಾದವು. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. 1898ರಲ್ಲಿ ವಿಲಿಯಂ ರ‍್ಯಾಮ್ಸೆಯವರೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು ಅವರು. ಹತ್ತನೆಯ ತರಗತಿಯಲ್ಲಿ ಆವರ್ತಕ ಕೋಷ್ಟಕದ ಬಲತುದಿಯ ಸಾಲನ್ನು ಬಾಯಿಪಾಠ ಮಾಡಿದ ನಿಮ್ಮಲ್ಲಿ ಕೆಲವರಿಗಾದರೂ ಈ ಹೆಸರುಗಳು ನೆನಪಿರಬಹುದು!

ಇಷ್ಟು ದೊಡ್ಡ ವಿದ್ವಾಂಸರು, ಇಷ್ಟು ವಿಶಾಲವಾದ ಆವರಣ. ಆದರೆ ನಾಡಿಗೂ ಈ ವಿದ್ಯೆಗೂ ಏನು ಸಂಬಂಧ? ಆ ಸಂಬಂಧವನ್ನು ಬೆಸೆದದ್ದು, ವಿಚಿತ್ರವೆಂದರೆ, ಯೂರೋಪಿನ ಒಂದು ಯುದ್ಧ.

ಶ್ರೀಗಂಧ ಮೈಸೂರು ಸಂಸ್ಥಾನದ ಸ್ವತ್ತಾಗಿತ್ತು. ಮರ ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ್ದು. ಅರಣ್ಯ ಇಲಾಖೆ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವುಗಳ ಬಹುಪಾಲು ಹಡಗೇರಿ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿನ ಕಾರ್ಖಾನೆಗಳು ಎಣ್ಣೆ ತೆಗೆದು ಸುಗಂಧದ್ರವ್ಯಕ್ಕೂ ಔಷಧಕ್ಕೂ ಬಳಸಿ ಲಾಭ ಮಾಡಿಕೊಳ್ಳುತ್ತಿದ್ದವು. ಮರ ನಮ್ಮದು, ವಿದ್ಯೆ ಅವರದು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗುತ್ತಲೇ ಜರ್ಮನಿಯ ಬಾಗಿಲು ಮುಚ್ಚಿತು. ಕೊಳ್ಳುವವರಿಲ್ಲದೆ ಗಂಧದ ಕೊರಡುಗಳು ಉಗ್ರಾಣಗಳಲ್ಲಿ ರಾಶಿ ಬಿದ್ದವು. ಸಂಸ್ಥಾನದ ಆದಾಯಕ್ಕೆ ದೊಡ್ಡ ಪೆಟ್ಟು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು, ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರು ಆಲ್‌ಫ್ರೆಡ್ ಚಾಟರ್‌ಟನ್. ಎಣ್ಣೆಯನ್ನು ಇಲ್ಲಿಯೇ ತೆಗೆದರಾಗದೇ ಎಂಬ ಯೋಚನೆ ಹುಟ್ಟಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆದರೆ ಈ ಸಂದರ್ಭದಲ್ಲಿ ಮದ್ದು ಹಿತ್ತಲಲ್ಲೇ ಇತ್ತು. ಕೆಲಸವು ಸಂಸ್ಥೆಯ ಇಬ್ಬರು ರಸಾಯನಶಾಸ್ತ್ರಜ್ಞರ ಮುಂದೆ ಬಂದಿತು. ಒಬ್ಬರು ಸಾವಯವ ರಸಾಯನಶಾಸ್ತ್ರದ ಜೆ. ಜೆ. ಸಡ್‌ಬರೋ, ಇನ್ನೊಬ್ಬರು ಎಚ್. ಇ. ವಾಟ್ಸನ್. ಈ ವಾಟ್ಸನ್ ಬೆಂಗಳೂರಿಗೆ ಬರುವ ಮುಂಚೆ ನಿಯಾನ್ ಅನಿಲದ ಸಾಂದ್ರತೆಯನ್ನು ಅಳೆದಿದ್ದವರು. ಕಣ್ಣಿಗೆ ಕಾಣದ ಅನಿಲದ ತೂಕ ಹಿಡಿಯುತ್ತಿದ್ದ ಕೈಗೆ ಈಗ ಗಂಧದ ಪುಡಿ ಅಂಟಿತು.

ಈ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ವಾದವೆಲ್ಲ ಅಲ್ಲಿಯೇ ಇದೆ. ಗಂಧದ ಮರದ ಹೊರಗಿನ ಬಿಳಿಯ ಭಾಗದಲ್ಲಿ ಪರಿಮಳವಿಲ್ಲ. ಒಳಗಿನ ಗಟ್ಟಿ ಭಾಗ, ಅಂದರೆ ಚೇಗು ಮತ್ತು ಬೇರುಗಳಲ್ಲಿ ಎಣ್ಣೆಯಿರುತ್ತದೆ. ಒಳ್ಳೆಯ ಚೇಗಿನಲ್ಲೂ ತೂಕದ ನೂರಕ್ಕೆ ಐದಾರು ಪಾಲು ಮಾತ್ರ. ಈ ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಕುದಿಯಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೇರವಾಗಿ ಅಷ್ಟು ಕಾಯಿಸಿದರೆ ಎಣ್ಣೆ ಕೆಡುತ್ತದೆ. ಆದ್ದರಿಂದ ಪುಡಿಯ ಮೂಲಕ ನೀರಿನ ಆವಿಯನ್ನು ಹಾಯಿಸಬೇಕು. ಆವಿಯೊಡನೆ ಎಣ್ಣೆ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಹೊರಟುಬರುತ್ತದೆ. ತಣಿಸಿದಾಗ ನೀರು ಬೇರೆ, ಎಣ್ಣೆ ಬೇರೆ. ಇದನ್ನು ನಾವು ಬಟ್ಟಿ ಇಳಿಸುವುದು ಎನ್ನುತ್ತೇವೆ. ತರಗತಿಯಲ್ಲಿ ಗಾಜಿನ ಕುಪ್ಪಿಯಲ್ಲಿ ಮಾಡಿ ತೋರಿಸಲು ಸುಲಭ. ಕಾರ್ಖಾನೆಯಲ್ಲಿ ಮಾತ್ರ ಹೆಜ್ಜೆಹೆಜ್ಜೆಗೂ ಪ್ರಶ್ನೆಗಳು. ಪುಡಿ ಎಷ್ಟು ನುಣುಪಾಗಿರಬೇಕು? ಆವಿಯ ಒತ್ತಡ ಎಷ್ಟು? ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ ನಡೆಯಬೇಕಾದ ಈ ಕೆಲಸವನ್ನು ಯಾವ ಘಟ್ಟದಲ್ಲಿ ನಿಲ್ಲಿಸಿದರೆ ಸೌದೆಯ ಖರ್ಚಿಗೆ ಸರಿಹೋಗುತ್ತದೆ? ಒಂದು ಬಾರಿಯ ಎಣ್ಣೆಯಂತೆಯೇ ಮುಂದಿನ ಬಾರಿಯದೂ ಇರುವಂತೆ ನೋಡಿಕೊಳ್ಳುವುದು ಹೇಗೆ? ಎಣ್ಣೆಯಲ್ಲಿ ಸ್ಯಾಂಟಲಾಲ್ ನೂರಕ್ಕೆ ತೊಂಬತ್ತಕ್ಕಿಂತ ಕಡಿಮೆಯಾದರೆ ಔಷಧಕ್ಕಾಗಿ ಕೊಳ್ಳುವವರು ಒಪ್ಪುವುದಿಲ್ಲ. ಹಾಗಾದರೆ ಅದನ್ನು ನಿಖರವಾಗಿ ಅಳೆಯುವ ಕ್ರಮ ಯಾವುದು?

ಇಂಥ ಪ್ರಶ್ನೆಗಳು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರಶ್ನೆಪತ್ರಿಕೆಗಳನ್ನು ತಯಾರಿಸಿದ ನನಗೆ ಇದರ ಬೆಲೆ ಗೊತ್ತು. ನಾವು ಉಪಾಧ್ಯಾಯರು ಪ್ರಶ್ನೆ ಬರೆಯುವಾಗಲೇ ಉತ್ತರವನ್ನೂ ಬರೆದಿಟ್ಟುಕೊಂಡಿರುತ್ತೇವೆ. ಸಂಶೋಧಕನೂ ಎಷ್ಟೋ ಸಲ ತನ್ನ ಉಪಕರಣಕ್ಕೆ ಒಗ್ಗುವ, ತನ್ನ ಕೈಗೆ ಎಟುಕುವ ಪ್ರಶ್ನೆಯನ್ನೇ ಆರಿಸಿಕೊಳ್ಳುತ್ತಾನೆ. ಉಗ್ರಾಣದಲ್ಲಿ ಬಿದ್ದ ಗಂಧದ ಕೊರಡಿಗೆ ಆ ದಾಕ್ಷಿಣ್ಯವಿಲ್ಲ. ಅದು ಕೇಳಿದ ಪ್ರಶ್ನೆಗೆ ಯಾರ ಬಳಿಯೂ ಸಿದ್ಧ ಉತ್ತರವಿರಲಿಲ್ಲ, ಬಲ್ಲವರು ಶತ್ರುದೇಶದಲ್ಲಿದ್ದರು. ಉದ್ಯಮ ವಿದ್ವಾಂಸನಿಗೆ ಕೊಡುವ ಕೊಡುಗೆಗಳಲ್ಲಿ ಹಣಕ್ಕಿಂತ ದೊಡ್ಡದು ಇದೇ: ತಾನಾಗಿ ಎಂದೂ ಕೇಳಿಕೊಳ್ಳದಿದ್ದ ಒಂದು ಪ್ರಶ್ನೆ.

ಪ್ರಯೋಗ ಫಲಿಸಿತು. 1916-17ರ ಹೊತ್ತಿಗೆ ಮೊದಲು ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ, ಬಳಿಕ ಮೈಸೂರಿನಲ್ಲಿ ದೊಡ್ಡದಾಗಿ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಎಣ್ಣೆಯಿಂದ ಸಾಬೂನಿನ ಯೋಚನೆ ಬಂದಾಗ ವಿಶ್ವೇಶ್ವರಯ್ಯನವರು ಅದರ ಪ್ರಯೋಗಗಳಿಗೂ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಏರ್ಪಾಡು ಮಾಡಿಸಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ಪ್ರತಿಭಾವಂತ ರಸಾಯನಶಾಸ್ತ್ರಜ್ಞರನ್ನು ಹೆಚ್ಚಿನ ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಮರಳಿ ಬಂದ ಅವರು ನಾಡಿನವರ ಬಾಯಲ್ಲಿ 'ಸೋಪ್ ಶಾಸ್ತ್ರಿ'ಗಳಾದರು! 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಕಬ್ಬನ್ ಪಾರ್ಕಿನ ಸಮೀಪದಲ್ಲಿದ್ದ ಕಾರ್ಖಾನೆ 1957ರಲ್ಲಿ ಯಶವಂತಪುರದ ಬಳಿಯ ಇಂದಿನ ಜಾಗಕ್ಕೆ ಬಂದಿತು. ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಳಗೆ ಕರೆದೊಯ್ಯುತ್ತಿದ್ದುದು ಅಲ್ಲಿಗೇ. ಬಂದವರಿಗೆಲ್ಲ ಆ ಪರಿಮಳ ಇನ್ನೂ ನೆನಪಿರಬೇಕು; ಅಂಗಿಗೆ ಹತ್ತಿದ್ದು ಮರುದಿನ ಶಾಲೆಗೆ ಬಂದರೂ ಹೋಗುತ್ತಿರಲಿಲ್ಲ.

ಸಂಸ್ಥಾನಕ್ಕೆ ಲಾಭವಾಯಿತು, ಸರಿ. ವಿದ್ವಾಂಸರಿಗೆ ಏನು ಸಿಕ್ಕಿತು? 1914ರಲ್ಲಿ ಆರಂಭವಾಗಿದ್ದ ಸಂಸ್ಥೆಯ ಸಂಶೋಧನಾ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಭಾರತದ ಎಣ್ಣೆಗಳು, ಕೊಬ್ಬುಗಳು, ಸುಗಂಧತೈಲಗಳನ್ನು ಕುರಿತ ಲೇಖನಗಳು ಹೇರಳವಾಗಿವೆ. ಇಲ್ಲಿಯ ಕಾಡು, ಹೊಲ, ಬೀಜ, ಬೇರುಗಳು ವಿಜ್ಞಾನದ ವಸ್ತುವಾದವು. ಇಂಗ್ಲೆಂಡಿನಿಂದ ಬಂದ ಪ್ರಾಧ್ಯಾಪಕರು ಇಂಗ್ಲೆಂಡಿನ ಪ್ರಶ್ನೆಗಳನ್ನೇ ಇಲ್ಲಿಯೂ ಮುಂದುವರಿಸಬಹುದಾಗಿತ್ತು. ಗಂಧ ಅವರನ್ನು ಈ ಮಣ್ಣಿಗೆ ಎಳೆದು ತಂದಿತು. ಅವರ ಕೈಕೆಳಗೆ ಪಳಗಿದ ಭಾರತೀಯ ವಿದ್ಯಾರ್ಥಿಗಳಿಗೆ ಪದವಿಯ ಕಾಗದದ ಜೊತೆಗೆ ಕೈಕೆಲಸವೂ ಬಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಕೇವಲ ಒಂದು ಕಾರ್ಖಾನೆಯ ಚರಿತ್ರೆಯಾಗುತ್ತಿತ್ತು. ಮುಂದಿನ ಭಾಗ ನನಗೆ ಇನ್ನೂ ಪ್ರಿಯವಾದುದು. ಕಾರ್ಖಾನೆಗೆ ಮರ ಬೇಕು. ಆ ಮರಕ್ಕೆ ಒಂದು ಮಾರಿ ಅಂಟಿಕೊಂಡಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಈ ರೋಗಕ್ಕೆ 'ಸ್ಪೈಕ್' ಎಂದು ಹೆಸರು. ಎಲೆಗಳು ಕಿರಿದಾಗಿ, ರೆಂಬೆಯ ಸುತ್ತ ಮುಳ್ಳಿನಂತೆ ಒತ್ತಾಗಿ ನಿಂತು, ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತದೆ. 1920ರ ದಶಕದ ಕೊನೆಯಿಂದ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯನವರೂ ಅವರ ಸಹೋದ್ಯೋಗಿಗಳೂ ಈ ರೋಗದ ಬೆನ್ನು ಹತ್ತಿದರು. ರೋಗ ಹಿಡಿದ ಮರದ ರೆಂಬೆಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿ, ಅದು ಹೇಗೆ ಹರಡುತ್ತದೆಂದು ಪರೀಕ್ಷಿಸಿದರು. ಗಂಧ ಅರೆ ಪರಾವಲಂಬಿ. ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರಿಗೆ ಕಚ್ಚಿಸಿ ಆಹಾರದ ಒಂದು ಪಾಲನ್ನು ಅಲ್ಲಿಂದ ಪಡೆಯುತ್ತದೆ. ಆದ್ದರಿಂದ ಅದರ ಆಶ್ರಯದ ಗಿಡಗಳನ್ನೂ ಅಭ್ಯಾಸ ಮಾಡಬೇಕಾಯಿತು. ರೋಗಕಾರಕವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ. ಅದು ಇಂದು ಫೈಟೋಪ್ಲಾಸ್ಮಾ ಎಂದು ಕರೆಯಲಾಗುವ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿ. ಪೂರ್ಣವಾದ ಪರಿಹಾರ ಇಂದಿಗೂ ಸಿಕ್ಕಿಲ್ಲ. ಎಣ್ಣೆಯ ವ್ಯಾಪಾರ ಗಂಧದ ಮರವನ್ನು ವಿಜ್ಞಾನಿಯ ಕಣ್ಣೆದುರು ತಂದು ನಿಲ್ಲಿಸಿತು; ವಿಜ್ಞಾನಿ ಆ ಮರದ ಬೇರಿನವರೆಗೆ ಇಳಿದು, ಸಸ್ಯಜೀವನದ ಮೂಲಭೂತ ಪ್ರಶ್ನೆಗಳಿಗೇ ಹೋಗಿ ಮುಟ್ಟಿದ.

ಇಂಥದೇ ಇನ್ನೊಂದು ಪ್ರಸಂಗ ಮತ್ತೊಂದು ಮಹಾಯುದ್ಧದ ಕಾಲದ್ದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ವಿಮಾನದ ಕಾರ್ಖಾನೆ ಬಂದಿತು, ಆದರೆ ವಿಮಾನಶಾಸ್ತ್ರ ಬಲ್ಲ ಇಂಜಿನಿಯರುಗಳೆಲ್ಲಿ? ಎರಡೇ ವರ್ಷಗಳಲ್ಲಿ, 1942ರ ಡಿಸೆಂಬರ್‌ನಲ್ಲಿ, ಊರಿನ ಈ ಬದಿಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಜರ್ಮನಿಯ ಗಟಿಂಗನ್‌ನಲ್ಲಿ ಪ್ರಾಂಟಲ್ ಅವರ ಬಳಿ ಕಲಿತಿದ್ದ ವಿ. ಎಂ. ಘಾಟಗೆಯವರು ಅದನ್ನು ಕಟ್ಟಿದರು. ಕಾರ್ಖಾನೆಗೂ ವಿದ್ಯಾಸಂಸ್ಥೆಗೂ ಎರಡಕ್ಕೂ ದುಡಿದವರು ಅವರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ನಮ್ಮ ವಾಯುಪಡೆಯ ಅನೇಕ ಪೈಲಟ್‌ಗಳು ಹಾರಾಟದ ಅ ಆ ಇ ಈ ಕಲಿತದ್ದು ಅದರಲ್ಲಿ. ಅದೇ ವರ್ಷ ಸತೀಶ್ ಧವನ್ ಸಂಸ್ಥೆಗೆ ಬಂದು ಸೇರಿದರು. 1959ರಲ್ಲಿ ಅಲ್ಲಿ ದೊಡ್ಡ ಗಾಳಿ ಸುರಂಗವೊಂದು ಸಿದ್ಧವಾಯಿತು. ವಿಮಾನದ ಮಾದರಿಯನ್ನು ನಿಲ್ಲಿಸಿ ಗಾಳಿ ಹಾಯಿಸುವ ಅದರ ಕೋಣೆ ಹದಿನಾಲ್ಕು ಅಡಿ ಅಗಲ, ಒಂಬತ್ತು ಅಡಿ ಎತ್ತರದ್ದು. ಅಷ್ಟು ದೊಡ್ಡ ಉಪಕರಣವನ್ನು ಕೇವಲ ಕುತೂಹಲದ ತೃಪ್ತಿಗಾಗಿ ಕಟ್ಟಿಸಿಕೊಡುವವರು ವಿರಳ. ವಿಮಾನ ಬೇಕಾದ ದೇಶ ಕಟ್ಟಿಸಿತು; ಗಾಳಿಯ ಗುಣವನ್ನು ತಿಳಿಯಬಯಸುವ ವಿದ್ಯಾರ್ಥಿಗಳಿಗೂ ಅದು ಒದಗಿತು. ರೊದ್ದಂ ನರಸಿಂಹರಂಥ ವಿಜ್ಞಾನಿ ಧವನ್ ಅವರ ಶಿಷ್ಯರಾಗಿ ಬೆಳೆದದ್ದು ಇಂಥ ವಾತಾವರಣದಲ್ಲಿ. ಮುಂದೆ 1975ರಲ್ಲಿ, ಧವನ್ ಅವರು ನಿರ್ದೇಶಕರಾಗಿದ್ದಾಗ, ಉದ್ಯಮಗಳಿಗೆ ಸಲಹೆ ನೀಡಲೆಂದೇ ಸಂಸ್ಥೆ ಒಂದು ಪ್ರತ್ಯೇಕ ಕೇಂದ್ರವನ್ನು ತೆರೆಯಿತು.

ನಿಮ್ಮ ತಲೆಮಾರಿಗೆ ಹತ್ತಿರದ ಉದಾಹರಣೆಗಳೂ ನಮ್ಮ ಉತ್ತರ ಬೆಂಗಳೂರಿನಲ್ಲಿಯೇ ಇವೆ. ಸಂಸ್ಥೆಯ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್ ಮುಂತಾದವರು ಎಂಕೋರ್ ಎಂಬ ಕಂಪನಿಯವರೊಡನೆ ಕೂಡಿ ಸಾಮಾನ್ಯ ಜನರಿಗಾಗಿ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಅದರ ಒಂದು ಮಾದರಿ 2004ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಿತು. ಪತ್ರಿಕೆಗಳು ಹೊಗಳಿದವು, ಜನ ಕೊಳ್ಳಲಿಲ್ಲ. ಅಂದರೆ ಉದ್ಯಮದ ಕೈಹಿಡಿದ ಮಾತ್ರಕ್ಕೆ ಗೆಲುವು ಖಚಿತವಲ್ಲ. ಚಂದ್ರು, ಮನೋಹರ್, ವಿನಯ್ ಅವರೇ ರಮೇಶ್ ಹರಿಹರನ್ ಅವರೊಡನೆ 2000ದಲ್ಲಿ ಸ್ಟ್ರ್ಯಾಂಡ್ ಎಂಬ ಇನ್ನೊಂದು ಕಂಪನಿಯನ್ನು ಕಟ್ಟಿದ್ದರು. ಅದು ಹೆಬ್ಬಾಳದಲ್ಲಿ ನೆಲೆಯೂರಿ ಬೆಳೆಯಿತು. ಉದ್ದನೆಯ ಅಕ್ಷರಮಾಲೆಯಲ್ಲಿ ಬೇಕಾದ ತುಣುಕನ್ನು ಬೇಗ ಹುಡುಕುವುದು ಹೇಗೆ ಎಂಬುದು ಗಣಕ ವಿಜ್ಞಾನದ ಹಳೆಯ ಪ್ರಶ್ನೆ. ಮನುಷ್ಯನ ವಂಶವಾಹಿಯೂ ಅಂಥ ಒಂದು ಅಕ್ಷರಮಾಲೆಯೇ, ಮುನ್ನೂರು ಕೋಟಿ ಅಕ್ಷರಗಳದ್ದು. ಹಾಳೆಯ ಮೇಲಿನ ಗಣಿತಕ್ಕೆ ರೋಗಿಯ ರಕ್ತದ ಮಾದರಿ ಎದುರಾಯಿತು. ಕ್ಯಾನ್ಸರಿನ ಆನುವಂಶಿಕ ಪರೀಕ್ಷೆಗಳವರೆಗೆ ಕೆಲಸ ಹೋಯಿತು. 2021ರಲ್ಲಿ ರಿಲಯನ್ಸ್ ಸಮೂಹ ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು.

ಇನ್ನು ಆ ಹುಡುಗಿಯ ಅಳುಕಿನ ವಿಷಯ. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ವ್ಯಾಪಾರಿಗೆ ಗುಟ್ಟು ಬೇಕು, ವಿದ್ವಾಂಸನಿಗೆ ಪ್ರಕಟಣೆ ಬೇಕು. ವ್ಯಾಪಾರಿಗೆ ಮುಂದಿನ ವರ್ಷದೊಳಗೆ ಉತ್ತರ ಬೇಕು. ಸ್ಪೈಕ್ ರೋಗದ ಕಾರಕ ಕಣ್ಣಿಗೆ ಬೀಳಲು ಎಪ್ಪತ್ತು ವರ್ಷಗಳಾದವು. ಯಾವ ಕಂಪನಿಯೂ ಕೇಳದ ಪ್ರಶ್ನೆಗಳೂ ಲೋಕದಲ್ಲಿವೆ. ಸಮುದ್ರ ಏಕೆ ನೀಲಿ ಎಂದು ಕೇಳಲು ಯಾವ ಕಾರ್ಖಾನೆ ಹಣ ಕೊಟ್ಟೀತು? ಅದನ್ನು ಕೇಳಿದ ಸರ್ ಸಿ. ವಿ. ರಾಮನ್ ಅವರ ಬದುಕಿನಲ್ಲಿಯೇ ಇದಕ್ಕೊಂದು ಸ್ವಾರಸ್ಯಕರವಾದ ಉತ್ತರವಿದೆ. 1933ರಲ್ಲಿ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಅವರು 1937ರಲ್ಲಿ ಆ ಹುದ್ದೆ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು. ಬಳಿಕ ಮೇಖ್ರಿ ವೃತ್ತದ ಬಳಿ ತಮ್ಮದೇ ಸಂಶೋಧನಾಲಯವನ್ನು ನಡೆಸಿದರು. ಸರ್ಕಾರದ ಹಣಕ್ಕೆ ಕೈಯೊಡ್ಡಿದರೆ ಸ್ವಾತಂತ್ರ್ಯ ಹೋಗುತ್ತದೆಂಬುದು ಅವರ ನಿಲುವು. ಶುದ್ಧ ವಿಜ್ಞಾನದ ಆ ಕಟ್ಟಾ ಪಕ್ಷಪಾತಿ 1943ರಲ್ಲಿ ಕೃಷ್ಣಮೂರ್ತಿ ಎಂಬವರೊಡನೆ ಸೇರಿ ತಿರುವಾಂಕೂರಿನಲ್ಲಿ ಒಂದು ರಾಸಾಯನಿಕ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಬೆಂಕಿಪೊಟ್ಟಣದ ಉದ್ಯಮಕ್ಕೆ ಬೇಕಾದ ಪೊಟ್ಯಾಸಿಯಂ ಕ್ಲೋರೇಟ್ ಅಲ್ಲಿ ತಯಾರಾಗುತ್ತಿತ್ತು. ಉದ್ಯಮವನ್ನು ಅವರು ದೂರವಿಡಲಿಲ್ಲ. ಅದು ತಮ್ಮ ಪ್ರಶ್ನೆಗಳ ಮೇಲೆ ಕೈಯಿಡದಂತೆ ನೋಡಿಕೊಂಡರು.

ಹೀಗೆ ನೋಡಿದರೆ ಹಣ ಎಲ್ಲಿಂದ ಬಂದಿತೆಂಬುದಕ್ಕಿಂತ, ಕಂಪನಿಯ ಪ್ರಶ್ನೆಗೆ ಉತ್ತರ ಸಿಕ್ಕ ಮರುದಿನ ಸಂಶೋಧಕ ಏನು ಮಾಡಲು ಸ್ವತಂತ್ರನಾಗಿರುತ್ತಾನೆ ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ. ಸಡ್‌ಬರೋ, ವಾಟ್ಸನ್ ತಾವು ಕಂಡುಕೊಂಡದ್ದನ್ನು ಬರೆದು ಪ್ರಕಟಿಸಬಹುದಾಗಿತ್ತು. ಶ್ರೀನಿವಾಸಯ್ಯನವರು ಎಣ್ಣೆಯ ಮಾತು ಬಿಟ್ಟು ಬೇರಿನ ಮಾತು ಎತ್ತಬಹುದಾಗಿತ್ತು. ಆ ಬಾಗಿಲು ತೆರೆದಿದ್ದರೆ ಕಂಪನಿಯ ಒಡನಾಟದಿಂದ ಸಂಶೋಧಕನಿಗೆ ಲಾಭವೇ. ಒಪ್ಪಂದದ ಕಾಗದ ಆ ಬಾಗಿಲನ್ನೇ ಮುಚ್ಚುವಂತಿದ್ದರೆ ಎಷ್ಟು ಹಣ ಬಂದರೂ ನಷ್ಟ. ಆದ್ದರಿಂದ ನನ್ನ ಸೋದರಸೊಸೆಗೆ ನಾನು ಹೇಳಿದ್ದು ಇಷ್ಟು: ಸಹಿ ಹಾಕುವ ಮುಂಚೆ ಎರಡು ವಿಷಯ ವಿಚಾರಿಸು. ಕಂಡದ್ದನ್ನು ಎಷ್ಟು ದಿನಗಳೊಳಗೆ ಪ್ರಕಟಿಸಬಹುದು? ಅವರ ಪ್ರಶ್ನೆಯಿಂದ ಹುಟ್ಟುವ ನಿನ್ನ ಪ್ರಶ್ನೆ ಯಾರದಾಗಿರುತ್ತದೆ? ಸಂಬಳದ ಮಾತು ಆಮೇಲೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ನಮ್ಮ ಹಿರಿಯರು. ಎರಡನ್ನೂ ಒಟ್ಟಿಗೆ ಹೇಳಿದರೇ ಹೊರತು ಒಂದನ್ನು ಬಿಟ್ಟು ಒಂದನ್ನಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಪೀಣ್ಯದಲ್ಲಿ, ಜಾಲಹಳ್ಳಿಯಲ್ಲಿ, ಯಲಹಂಕದಲ್ಲಿ ಕಾರ್ಖಾನೆಗಳ ಒಳಗೆ ದುಡಿದಿದ್ದೀರಿ. ಕೆಲವರು ದೇಶವಿದೇಶಗಳ ವಿಶ್ವವಿದ್ಯಾನಿಲಯಗಳಲ್ಲಿದ್ದೀರಿ. ಒಬ್ಬರ ಬಳಿ ಉತ್ತರವಿಲ್ಲದ ಪ್ರಶ್ನೆಗಳಿವೆ, ಇನ್ನೊಬ್ಬರ ಬಳಿ ಪ್ರಶ್ನೆಗಾಗಿ ಕಾದಿರುವ ವಿದ್ಯೆಯಿದೆ. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತಿದ್ದವರು ನೀವು. ಬಿಡುವಾದಾಗ ಒಬ್ಬರಿಗೊಬ್ಬರು ದೂರವಾಣಿ ಮಾಡಿ, ಸಂಸಾರದ ಕ್ಷೇಮಸಮಾಚಾರದ ಜೊತೆಗೆ ಕೆಲಸದಲ್ಲಿ ಯಾವ ತೊಡಕು ಬಗೆಹರಿಯದೆ ಉಳಿದಿದೆಯೆಂದೂ ಕೇಳಿನೋಡಿ.